ಓಪನ್ ವಾಟರ್ ಕಾರ್ಡ್ ಬಂತು, ಮುಂದೆ ಯಾವ ಡೈವಿಂಗ್ ಕೋರ್ಸ್? ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರ ಚರ್ಚೆ

ಬಳ್ಳಾರಿ_ಬೆಟ್ಟ
ಸ್ಕೂಬಾ ಡೈವಿಂಗಿನ ಮೊದಲ ಕೋರ್ಸ್ ಓಪನ್ ವಾಟರ್ ಮುಗಿದಿದೆ, ಲಾಗ್ ಬುಕ್ಕಿನಲ್ಲಿ ಒಟ್ಟು 6 ಡೈವ್. ಮುಂದಿನ ಲೆಕ್ಕ ಇಷ್ಟೇ: ವರ್ಷಕ್ಕೆ ಒಂದೆರಡು ಸಲ ಮುರುಡೇಶ್ವರದಿಂದ ನೇತ್ರಾಣಿ ದ್ವೀಪ, ಎರಡು ಮೂರು ವರ್ಷಕ್ಕೊಮ್ಮೆ ಅಂಡಮಾನ್. ಅಡ್ವಾನ್ಸ್ಡ್, ಡೀಪ್, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ), ರೆಸ್ಕ್ಯೂ ಅಂತ ಪಟ್ಟಿ ಮಾರುದ್ದ ಇದೆ, ದುಡ್ಡು ಎರಡಕ್ಕೆ ಮಾತ್ರ. ಯಾವ ಎರಡು, ಯಾವುದು ಮೊದಲು? ಸಮುದ್ರ ಇಲ್ಲದ ಈ ಬಿಸಿಲೂರಲ್ಲಿ ಕೂತೇ ಕಲಿಯುವಂಥದ್ದು ಏನಾದರೂ ಇದೆಯಾ?

ಸಂಡೂರು_ಮಣ್ಣು
ಕೋರ್ಸಿನ ಹೆಸರು ಆಮೇಲೆ. ಮೊದಲು ಆ 6 ಡೈವ್ ಯಾಕೆ ಮುಗಿದವು ಅಂತ ಲಾಗ್ ಬುಕ್ ತೆಗೆದು ನೋಡಿ. ಗಾಳಿ ಖಾಲಿಯಾಗಿ ಮುಗಿದವಾ, ಕೈಗೆ ಕಟ್ಟುವ ಡೈವ್ ಕಂಪ್ಯೂಟರ್ ಕೊಟ್ಟ ಸಮಯ ಮುಗಿದು ಮುಗಿದವಾ, ಇಲ್ಲಾ ಜೊತೆಗಾರ ತಪ್ಪಿಹೋಗಿ ಮೇಲೆ ಬಂದಿರಾ? ಕೋರ್ಸ್ ಯಾವುದು ಅನ್ನುವುದನ್ನು ಅದೇ ಹೇಳುತ್ತದೆ.

ಲೆಕ್ಕ ಮಾಡಿ ತೋರಿಸುತ್ತೇನೆ. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು 11.1 ಲೀಟರಿನ ಅಲ್ಯುಮಿನಿಯಂ ಸಿಲಿಂಡರ್, 200 ಬಾರ್. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕು, ಹಾಗಾಗಿ ಕೈಯಲ್ಲಿರುವುದು 150 ಬಾರ್. 150 × 11.1 ಅಂದರೆ 1665 ಲೀಟರ್. ಹೊಸಬರು ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುತ್ತಾರೆ ಅಂತಿಟ್ಟುಕೊಳ್ಳಿ. 18 ಮೀಟರಿನಲ್ಲಿ ಒತ್ತಡ 2.8 ಬಾರ್, ಅಲ್ಲಿ ಅದೇ ಉಸಿರು 56 ಲೀಟರ್ ಆಗುತ್ತದೆ. 1665 ಅನ್ನು 56ರಿಂದ ಭಾಗಿಸಿದರೆ ಸುಮಾರು 30 ನಿಮಿಷ. ಅದೇ 18 ಮೀಟರಿಗೆ ತರಬೇತಿ ಸಂಸ್ಥೆ ಪ್ಯಾಡಿಯ ಟೇಬಲ್ ಕೊಡುವ ಡಿಕಂಪ್ರೆಷನ್ ಇಲ್ಲದ ಮಿತಿ, ಅಂದರೆ ಮೈಗೆ ಸೇರಿದ ಸಾರಜನಕ ಹೊರಹೋಗಲೆಂದು ನಡುವೆ ಕಡ್ಡಾಯವಾಗಿ ನಿಲ್ಲದೆ ಮೇಲೆ ಬರಬಹುದಾದ ಸಮಯ, 56 ನಿಮಿಷ. ಅಂದರೆ ಸಾರಜನಕದ ಮಿತಿ ಮುಟ್ಟುವುದಕ್ಕೆ 26 ನಿಮಿಷ ಮೊದಲೇ ನಿಮ್ಮ ಸಿಲಿಂಡರ್ ಮುಗಿದಿರುತ್ತದೆ. ಈ ಸ್ಥಿತಿಯಲ್ಲಿ ನೈಟ್ರಾಕ್ಸ್ ಕೊಂಡರೆ ಒಂದು ನಿಮಿಷವೂ ಹೆಚ್ಚಾಗುವುದಿಲ್ಲ. ಬಳಸದೇ ಬಿಟ್ಟ ಸಮಯವನ್ನೇ ಇನ್ನಷ್ಟು ಕೊಂಡುಕೊಂಡ ಹಾಗೆ.

ಅದೇ ಉಸಿರು 14 ಲೀಟರಿಗೆ ಇಳಿದರೆ 18 ಮೀಟರಿನಲ್ಲಿ 42 ನಿಮಿಷ ಸಿಗುತ್ತದೆ. ಅದನ್ನು ಕೊಡುವುದು ತೇಲುವಿಕೆಯ ಹಿಡಿತ, ಅಂದರೆ ಬಾಯನ್ಸಿ. ನಿಮ್ಮ ಅಂಕಿ ಹೀಗೆ ತೆಗೆಯಿರಿ: ಖರ್ಚಾದ ಬಾರ್ × 11.1, ಅದನ್ನು ನಿಮಿಷದಿಂದ ಭಾಗಿಸಿ, ಬಂದದ್ದನ್ನು ಸರಾಸರಿ ಆಳದ ಒತ್ತಡದಿಂದ ಭಾಗಿಸಿ. 200ರಿಂದ 60ಕ್ಕೆ ಇಳಿದು, 35 ನಿಮಿಷ, ಸರಾಸರಿ 12 ಮೀಟರ್ ಆಗಿದ್ದರೆ 1554 ÷ 35 ÷ 2.2, ಸರಿಸುಮಾರು 20.

ರಾಯಚೂರು_ರಾತ್ರಿಬಸ್
ನೈಟ್ರಾಕ್ಸ್ ಇಷ್ಟು ಹಗುರಕ್ಕ ತಗದು ಒಗೀಬ್ಯಾಡ್ರಿ. ನೇತ್ರಾಣಿಗೆ ನಿಮ್ಮ ಲೆಕ್ಕ ಖರೆ ಅದ. ಅಂಡಮಾನ್‌ದಾಗ ದಿನಕ್ಕ ಮೂರು ಡೈವ್, ನಾಲ್ಕು ದಿನ ಅಂದ್ರ ಹಿಂದಿನ ಡೈವಿನ ಸಾರಜನಕ ಮೈಯಾಗ ಉಳದಿರ್ತದ. ಮೂರನೇ ಡೈವಿನ್ಯಾಗ ಗಾಳಿಗಿಂತ ಮೊದಲು ಸಮಯ ಮುಗೀತದ. ಅಲ್ಲಿ ಅದು ಕೆಲಸಕ್ಕ ಬರ್ತದ.

32 ಶೇಕಡಾ ಮಿಶ್ರಣದಾಗ 30 ಮೀಟರಿಗೆ ಹೋದ್ರ, ಸಾರಜನಕದ ಲೆಕ್ಕದಾಗ ಅದು ಗಾಳಿಯ 24.4 ಮೀಟರಿಗೆ ಸಮ. ಟೇಬಲ್‌ದಾಗ 25 ಮೀಟರಿನ ಸಾಲು ಹಿಡೀರಿ: 20 ನಿಮಿಷ ಇದ್ದದ್ದು 29 ಆಗ್ತದ. ಆದ್ರ ಆಳದ ಮಿತಿ ಕಟ್ಟುನಿಟ್ಟು ಅದ. ಆಮ್ಲಜನಕದ ಒತ್ತಡ 1.4 ಬಾರ್ ದಾಟಬಾರದು, ಹಂಗಾಗಿ 32ಕ್ಕ ಗರಿಷ್ಠ 33 ಮೀಟರ್, 36ಕ್ಕ 28. ಅದನ್ನ ದಾಟಿದ್ರ ಮೊದಲೇ ಸೂಚನೆ ಏನೂ ಇಲ್ಲದ ಫಿಟ್ಸ್ ಬರಬಹುದು. ನೀರಾಗ ಫಿಟ್ಸ್ ಅಂದ್ರ ಉಸಿರಾಡೋ ರೆಗ್ಯುಲೇಟರ್ ಬಾಯಿಂದ ಬಿದ್ದಂಗ.

ಕೋರ್ಸಿನ ತಿರುಳು ಸಿಲಿಂಡರ್ ಅಳೆಯೋದು. ಆಮ್ಲಜನಕ ಅಳೆಯೋ ಅನಲೈಸರ್ ಮೊದಲು ಬರೇ ಗಾಳಿಗೆ ಹಿಡದು 20.9ಕ್ಕ ತಂದು ನಿಲ್ಲಸ್ರಿ. ಆಮ್ಯಾಲ ಸಿಲಿಂಡರಿನ ವಾಲ್ವ್ ಸಣ್ಣಗ, ಹಿಸ್ ಅನ್ನೂವಷ್ಟೇ ಬಿಡ್ರಿ. ಜೋರು ಬಿಟ್ರ ಅಂಕಿ ತಪ್ಪು ಬರ್ತದ. ಅಂಕಿ ಕುಣಿಯೋದು ನಿಂತ ಮ್ಯಾಲೆ ಟೇಪಿನ ಮ್ಯಾಲೆ ಶೇಕಡಾ, ಗರಿಷ್ಠ ಆಳ, ತಾರೀಖು, ನಿಮ್ಮ ಹೆಸರು. ಬ್ಯಾರೆಯವರು ಅಳದು ಹೇಳಿದ್ದು ನಂಬೋದು ಬ್ಯಾಡ. ಆಮ್ಯಾಲ ಕಂಪ್ಯೂಟರಿಗೆ ಅದೇ ಅಂಕಿ. ಹಿಂದಿನ ಡೈವಿನ 36 ಹಂಗೇ ಉಳದು, ಸಿಲಿಂಡರಿನ್ಯಾಗ 32 ಇದ್ರ, ಕಂಪ್ಯೂಟರ್ ಸಾರಜನಕ ಕಡಿಮಿ ಎಣಸ್ತದ. ಅಪಾಯ ಅದರಾಗೇ ಅದ.

ಥಿಯರಿ ಪೂರಾ ಮನ್ಯಾಗ ಕುಂತು ಆನ್‌ಲೈನ್ ಮುಗಸಬಹುದು. ಡೈವ್ ಇಲ್ಲದೇ, ಅಳತೆಯ ಅಭ್ಯಾಸ ಮಾಡಿಸಿ ಕಾರ್ಡ್ ಕೊಡೋದೂ ಅದ. ರೊಕ್ಕ ಕಟ್ಟೂಕಿಂತ ಮೊದಲ ಒಂದೇ ಮಾತು ಕೇಳ್ರಿ: ನೀವು ಹೋಗೂ ಡೈವ್ ಸೆಂಟರಿನ್ಯಾಗ ನೈಟ್ರಾಕ್ಸ್ ತುಂಬ್ತಾರೇನು?

ಸಂಡೂರು_ಮಣ್ಣು
ಒಪ್ಪಿದೆ. ಅಂಡಮಾನ್ ಟಿಕೆಟ್ ಆದ ಮೇಲೆ ತಗೊಳ್ಳಲಿ, ಈಗಲ್ಲ.

ಕೊಪ್ಪಳ_ಕಂಪಾಸ್
ಅಡ್ವಾನ್ಸ್ಡ್ ಅನ್ನೋ ಹೆಸರೇ ಜನರನ್ನು ಮೋಸ ಮಾಡುತ್ತದೆ. ಪ್ಯಾಡಿಯಲ್ಲಿ ಅದು ಐದು ಡೈವ್, ಪರೀಕ್ಷೆ ಇಲ್ಲ. ಆಳ ಮತ್ತು ದಿಕ್ಕು ಎರಡು ಕಡ್ಡಾಯ, ಮೂರು ನಿಮ್ಮ ಆಯ್ಕೆ. ಮಿತಿ 18ರಿಂದ 30 ಮೀಟರಿಗೆ ಏರುತ್ತದೆ, ಅಷ್ಟೇ. ನುರಿತ ಡೈವರ್ ಅಂತ ಪಟ್ಟ ಕಟ್ಟಿದ ಹಾಗಲ್ಲ. ಎಸ್‌ಎಸ್‌ಐಯಲ್ಲಿ (ಇನ್ನೊಂದು ತರಬೇತಿ ಸಂಸ್ಥೆ) ಇದೇ ಐದು ಡೈವಿನ ರುಚಿನೋಟಕ್ಕೆ ಬೇರೆ ಹೆಸರಿದೆ. ಅಲ್ಲಿ ಅಡ್ವಾನ್ಸ್ಡ್ ಓಪನ್ ವಾಟರ್ ಅನ್ನಿಸಿಕೊಳ್ಳಲು ನಾಲ್ಕು ಸ್ಪೆಷಾಲಿಟಿ (ಒಂದೊಂದೇ ವಿಷಯದ ಕೋರ್ಸ್) ಮತ್ತು 24 ಡೈವ್ ಬೇಕು. ಎರಡು ಸಂಸ್ಥೆಯ ದರ ಹೋಲಿಸುವಾಗ ಒಂದೇ ಸಾಮಾನು ಹೋಲಿಸುತ್ತಿದ್ದೀರಾ ನೋಡಿ. ಮೂಲ ಕಾರ್ಡಿನ ಬಗ್ಗೆ ಚಿಂತೆ ಬೇಡ. ದೊಡ್ಡ ಸಂಸ್ಥೆಗಳ ಓಪನ್ ವಾಟರ್ ಎಲ್ಲ ಐಎಸ್‌ಒ 24801-2 ಮಟ್ಟದ್ದೇ, ಒಬ್ಬರಲ್ಲಿ ಮಾಡಿ ಇನ್ನೊಬ್ಬರಲ್ಲಿ ಮುಂದುವರಿಸಬಹುದು.

ಆಯ್ಕೆಯ ಮೂರರಲ್ಲಿ ಫೋಟೋಗ್ರಫಿ, ಮೀನು ಗುರುತಿಸುವುದು ಬಿಡಿ. ಬಾಯನ್ಸಿ ಒಂದು. ಕೆಳಗಿನಿಂದ ಮೇಲಕ್ಕೆ ಬಿಡುವ ಗುರುತಿನ ಬಲೂನು, ಅಂದರೆ ಡಿಎಸ್‌ಎಂಬಿ, ಎರಡು. ಮೂರನೆಯದು ರಾತ್ರಿ ಡೈವೋ, ಸರ್ಚ್ ಆಂಡ್ ರಿಕವರಿಯೋ ನಿಮ್ಮ ಇಷ್ಟ. ಈ ಒಂದೊಂದು ಡೈವೂ ಮುಂದೆ ಆಯಾ ಸ್ಪೆಷಾಲಿಟಿ ತಗೊಂಡರೆ ಮೊದಲ ಡೈವ್ ಆಗಿ ಲೆಕ್ಕಕ್ಕೆ ಬರಬಹುದು, ಲಾಗ್ ಬುಕ್ಕಿಗೆ ಸಹಿ ಹಾಕಿಸಿಕೊಳ್ಳುವುದು ಮರೆಯಬೇಡಿ.

ಡಿಎಸ್‌ಎಂಬಿ ಯಾಕೆ ಅಂದರೆ, ದೋಣಿ ಓಡಾಡುವ ಜಾಗದಲ್ಲಿ, ಸೆಳೆತ ಇರುವ ದಿನ, ನೀವು ಮೇಲೆ ಬರುವ ಮೊದಲೇ ನೀವೆಲ್ಲಿದ್ದೀರಿ ಅಂತ ತೋರಿಸುವುದು ಅದೊಂದೇ. ನೋಡಲು ಸುಲಭ, ಮಾಡಲು ಹತ್ತು ಸಲ ಬೇಕು. ಮೊದಲು ಒಂದೇ ಆಳದಲ್ಲಿ ನಿಲ್ಲಿ. ತಲೆ ಎತ್ತಿ ಮೇಲೆ ದೋಣಿ ಇಲ್ಲವೆಂದು ನೋಡಿ. ರೀಲಿನ ಬೀಗ ಬಿಚ್ಚಿ, ತೋಳು ಚಾಚಿ ಹಿಡಿಯಿರಿ. 10 ಮೀಟರಿನಲ್ಲಿ ಒಂದೆರಡು ಉಸಿರಿನಷ್ಟು ಗಾಳಿ ಸಾಕು, ಮೇಲೆ ಹೋಗುವಾಗ ಅದು ತಾನೇ ಇಮ್ಮಡಿಯಾಗುತ್ತದೆ. ತಪ್ಪಾಗುವುದು ಎರಡು ಕಡೆ. ಊದಲು ಎದೆ ತುಂಬಾ ಉಸಿರು ಎಳೆದು ಹಿಡಿದಾಗ ನೀವೇ ಮೇಲೇರತೊಡಗುತ್ತೀರಿ. ಇನ್ನೊಂದು, ಕೈ ಖಾಲಿ ಇರಲಿ ಅಂತ ರೀಲನ್ನು ಬಿಸಿಡಿಗೆ, ಅಂದರೆ ಗಾಳಿ ತುಂಬಿ ತೇಲುವ ಜಾಕೆಟ್ಟಿಗೆ, ಕೊಕ್ಕೆ ಹಾಕುವುದು. ದಾರ ಸಿಕ್ಕಿಕೊಂಡರೆ ಬಲೂನಿನ ಜೊತೆ ನೀವೂ ಹೊರಟಿರಿ. ರೀಲ್ ಯಾವತ್ತೂ ಕೈಯಲ್ಲೇ, ಸಿಕ್ಕಿಕೊಂಡರೆ ಬಿಟ್ಟುಬಿಡಿ. ರೀಲ್ ಹೋದರೆ ಹೋಗಲಿ.

ಮುನಿರಾಬಾದ್_ಗೇಟ್
ದಿಕ್ಕಿನ ಕೋರ್ಸ್‌ನಾಗ ಅರ್ಧ ಊರಾಗ ಮಾಡಬೌದು. ಶಾಲಿ ಮೈದಾನ ಸಾಕು. ಕಂಪಾಸ್ ಎದಿ ಮುಂದ ಮಟ್ಟಸ ಹಿಡ್ರಿ, ಓರೆ ಆದ್ರ ಮುಳ್ಳು ತಿರಗೂದಿಲ್ಲ, ಸಿಕ್ಕೊಂಡು ನಿಂತು ಸುಳ್ಳು ಹೇಳತೈತಿ. ತಲಿ ಮ್ಯಾಲೆ ಟವೆಲ್ ಹೊದ್ಕೊಂಡು ಕಂಪಾಸ್ ಬಿಟ್ಟು ಬ್ಯಾರೆ ಏನೂ ಕಾಣದಂಗ ಮಾಡ್ಕೊಂಡು 30 ಹೆಜ್ಜಿ ಹೋಗ್ರಿ, 180 ಡಿಗ್ರಿ ತಿರುಗಿ 30 ಹೆಜ್ಜಿ ವಾಪಸ್ ಬರ್ರಿ. ಹೊಂಟ ಜಾಗದಾಗ ಒಂದು ಕಲ್ಲು ಇಟ್ಟಿರ್ರಿ. ಕಲ್ಲಿನಿಂದ ಎಷ್ಟು ದೂರ ನಿಂತ್ರಿ ಅದೇ ನಿಮ್ಮ ಮಾರ್ಕು. ಅದು ಕೈಗೆ ಹತ್ತಿದ ಮ್ಯಾಲೆ ಚೌಕ: ಪ್ರತಿ ಮೂಲಿಗೆ 90 ಕೂಡಸ್ರಿ, 360 ದಾಟಿದ್ರ 360 ಕಳೀರಿ.

ಅದಿರು ಲಾರಿ ಪಕ್ಕ ನಿಂತು ಮಾತ್ರ ಮಾಡಬ್ಯಾಡ್ರಿ, ಅಷ್ಟು ಕಬ್ಬಿಣ ಮುಳ್ಳನ್ನ ತನ್ನ ಕಡಿಗೆ ಎಳೀತೈತಿ. ನೀರಾಗೂ ಟಾರ್ಚ್, ಸ್ಟೀಲ್ ಸಿಲಿಂಡರ್ ಹತ್ರ ಹಿಡಿದ್ರ ಅದೇ ಗತಿ.

ನೀರಾಗ ಹೆಜ್ಜಿ ಬದ್ಲು ಫಿನ್ (ಕಾಲಿಗೆ ಹಾಕೋ ರೆಕ್ಕಿ) ಒದಿತ ಎಣಸ್ತಾರ. ಎರಡೂ ಕಾಲು ಒಮ್ಮೆ ಒದ್ರ ಒಂದು. 30 ಮೀಟರ್ ಹಗ್ಗ ಹಾಸಿ ಎಷ್ಟು ಒದಿತ ಅಂತ ಕೋರ್ಸಿನಾಗೇ ಎಣಿಸಿ ಬರಕೋರ್ರಿ. ಆ ಅಂಕಿ ಮುಂದೂ ನಿಮ್ಮ ಜೊತಿಗೇ ಇರತೈತಿ. ಆದ್ರ ಸೆಳೆತಕ್ಕ ಎದುರು ಹೋಗುವಾಗ ನಂಬಬ್ಯಾಡ್ರಿ.

ಬಳ್ಳಾರಿ_ಬೆಟ್ಟ
ಮೈದಾನ ಸರಿ. ಟಿಬಿ (ತುಂಗಭದ್ರಾ) ಡ್ಯಾಮಿನ ಹಿನ್ನೀರು ಇಷ್ಟು ಹತ್ತಿರ ಇರುವಾಗ ಅಲ್ಲೇ ಒಂದೆರಡು ಡೈವ್ ಅಭ್ಯಾಸ ಮಾಡಿದರೆ?

ಮುನಿರಾಬಾದ್_ಗೇಟ್
ಬ್ಯಾಡ. ಕಾರಣ ಒಂದಲ್ಲ. ಡ್ಯಾಮಿನ ಬಾಗಿಲು, ಕಾಲುವೆ ತೂಬು ಇದ್ದ ಕಡೆ ನೀರು ಒಳಗೆ ಎಳೀತೈತಿ. ಒಂದು ಚದರ ಮೀಟರ್ ಕಿಂಡಿ ಮ್ಯಾಲೆ 5 ಮೀಟರ್ ನೀರಿನ ವ್ಯತ್ಯಾಸ ಇದ್ರ 5 ಟನ್ ಒತ್ತಡ. ಅದರ ಬಾಯಿಗೆ ಮೈ ಕುಂತ್ರ ಯಾರೂ ಎಳದು ತಗಿಯಾಕ ಆಗೂದಿಲ್ಲ. 2024ರ ಆಗಸ್ಟ್‌ನಾಗ 19ನೇ ಗೇಟ್ ಕೊಚ್ಚಿ ಹೋದಾಗ ನೀರಿನ ಬಲ ಎಲ್ಲಾರೂ ನೋಡೇವಿ. ಕೆಳಗ ಹೊಳಿಗೆ ಹೋದ್ರ ಮುದ್ಲಾಪುರದಿಂದ ಕಂಪ್ಲಿ ತನಕ 2015ರಾಗ ಘೋಷಿಸಿದ ನೀರುನಾಯಿ ಸಂರಕ್ಷಿತ ಪ್ರದೇಶ, ಮೊಸಳಿ ಸಹ ಅದಾವ. ಮ್ಯಾಲೆ ಮೀನಿನ ಬಲಿ, ಕೆಸರು ನೀರು, ಪರವಾನಗಿ ಇಲ್ಲ.

ಸಂಡೂರು_ಮಣ್ಣು
ಇನ್ನೊಂದು ಸೇರಿಸಿ. ಜಲಾಶಯದ ಪೂರ್ಣ ಮಟ್ಟ 1633 ಅಡಿ, ಅಂದರೆ ಹತ್ತಿರ ಹತ್ತಿರ 498 ಮೀಟರ್. 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಡೈವ್ ಮಾಡುವುದಕ್ಕೆ ಎತ್ತರದ ಡೈವಿಂಗ್ ಅಂತಲೇ ಬೇರೆ ನಿಯಮ. ಸಮುದ್ರಮಟ್ಟಕ್ಕೆ ಬರೆದ ಟೇಬಲನ್ನು ಹಾಗೇ ಬಳಸುವ ಹಾಗಿಲ್ಲ. ಗಣಿ ಗುಂಡಿಯ ಹಸಿರು ನೀರಿಗೂ ಇದೇ ಮಾತು. ಜೊತೆಗೆ ಅಲ್ಲಿ ದಂಡೆ ಕಡಿದಾಗಿ, ಹತ್ತಿ ಬರಲು ಜಾಗವೇ ಇರುವುದಿಲ್ಲ.

ಊರಿನ ಈಜುಕೊಳ ಸಾಕು. ಮಾಸ್ಕ್ ತೆಗೆದು, ಮೂಗು ತೆರೆದು, ಸ್ನಾರ್ಕೆಲ್‌ನಲ್ಲಿ ಮುಖ ಮುಳುಗಿಸಿ ಐದು ನಿಮಿಷ ಉಸಿರಾಡಿ. ನೀರಿನಲ್ಲಿ ಗಾಬರಿ ಶುರುವಾಗುವುದು ಎಷ್ಟೋ ಸಲ ಮೂಗಿಗೆ ನೀರು ನುಗ್ಗಿದಾಗಲೇ. ಕಪ್ಪೆ ಒದೆತ ಕಲಿಯಿರಿ, ತಳದ ಮಣ್ಣು ಏಳುವುದಿಲ್ಲ. ಒಬ್ಬರೇ ಜೋರುಜೋರಾಗಿ ಉಸಿರಾಡಿ ಆಮೇಲೆ ಉಸಿರು ಕಟ್ಟಿ ಮುಳುಗುವ ಆಟ ಮಾತ್ರ ಬೇಡ, ಎಚ್ಚರಿಕೆಯೇ ಇಲ್ಲದೆ ಪ್ರಜ್ಞೆ ತಪ್ಪುತ್ತದೆ.

ಗಂಗಾವತಿ_ಭತ್ತ
ಬಾಯನ್ಸಿ ಬಾಯನ್ಸಿ ಅಂತ ಎಲ್ಲರೂ ಅಂದಿರಿ, ಭಾರ ಎಷ್ಟು ಕಟ್ಟಬೇಕು ಅಂತ ಯಾರೂ ಹೇಳಲಿಲ್ಲ. ಅರ್ಧ ಸಮಸ್ಯೆ ಅಲ್ಲೇ ಇದೆ. ಹೊಸಬರು ಸುಲಭವಾಗಿ ಮುಳುಗಲಿ ಅಂತ ಬೆಲ್ಟಿಗೆ ಸೀಸದ ಎರಡು ತುಂಡು ಜಾಸ್ತಿ ಪೋಣಿಸಿಬಿಡುತ್ತಾರೆ. 4 ಕೆಜಿ ಹೆಚ್ಚಾದರೆ ಅದನ್ನು ಎತ್ತಿ ಹಿಡಿಯಲು ಬಿಸಿಡಿಯಲ್ಲಿ 4 ಲೀಟರ್ ಗಾಳಿ ಬೇಕು. 10 ಮೀಟರಿನಿಂದ 5 ಮೀಟರಿಗೆ ಏರಿದರೆ ಆ 4 ಲೀಟರ್ 5.3 ಆಗುತ್ತದೆ. ಹೆಚ್ಚಾದ 1.3 ಲೀಟರ್ ನಿಮ್ಮನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ, ನೀವು ಗುಂಡಿ ಒತ್ತಿ ಗಾಳಿ ಬಿಡುತ್ತೀರಿ, ಜಾಸ್ತಿ ಬಿಟ್ಟು ಮುಳುಗುತ್ತೀರಿ, ಮತ್ತೆ ತುಂಬುತ್ತೀರಿ. ಸಂಡೂರಿನವರು ಹೇಳಿದ ನಿಮಿಷಕ್ಕೆ 20 ಲೀಟರ್ ಖರ್ಚಾಗುವುದು ಈ ಏತದ ಆಟದಲ್ಲೇ.

ಪರೀಕ್ಷೆ ಹೀಗೆ: ಪೂರ್ತಿ ಸಜ್ಜಾಗಿ ನೀರಿಗಿಳಿದು, ರೆಗ್ಯುಲೇಟರ್ ಬಾಯಲ್ಲಿಟ್ಟು, ಬಿಸಿಡಿ ಪೂರಾ ಖಾಲಿ ಮಾಡಿ, ಸಾಧಾರಣ ಉಸಿರು ಹಿಡಿದು ಅಲುಗಾಡದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ಉಸಿರು ಬಿಟ್ಟಾಗ ನಿಧಾನಕ್ಕೆ ಮುಳುಗಬೇಕು. ಸಿಲಿಂಡರ್ ತುಂಬಿದ್ದರೆ ಇದರ ಮೇಲೆ 2 ಕೆಜಿ ಸೇರಿಸಿ. ಡೈವಿನಲ್ಲಿ ಖರ್ಚಾಗುವ 150 ಬಾರ್ ಗಾಳಿಯ ತೂಕವೇ ಸುಮಾರು 2 ಕೆಜಿ, ಕೊನೆಗೆ ಅಲ್ಯುಮಿನಿಯಂ ಸಿಲಿಂಡರ್ ತಾನೇ ತೇಲಲು ನೋಡುತ್ತದೆ. ಸರಿಯಿದೆಯಾ ಅಂತ ಗೊತ್ತಾಗುವುದು ಡೈವಿನ ಕೊನೆಯಲ್ಲಿ: 50 ಬಾರ್, 5 ಮೀಟರ್, ಬಿಸಿಡಿ ಹೆಚ್ಚುಕಡಿಮೆ ಖಾಲಿ, ಆದರೂ ನಿಂತಲ್ಲೇ ನಿಂತಿರಬೇಕು.

ಈಜುಕೊಳದ ಅಂಕಿ ಸಮುದ್ರಕ್ಕೆ ಹೊಂದುವುದಿಲ್ಲ. ಉಪ್ಪುನೀರು ಎರಡೂವರೆ ಶೇಕಡಾ ಹೆಚ್ಚು ಭಾರ. ಮೈ ಮತ್ತು ಸಾಮಾನು ಸೇರಿ 100 ಕೆಜಿ ಇದ್ದರೆ ಎರಡೂವರೆ ಕೆಜಿ ಹೆಚ್ಚು ಬೇಕು. ಸೂಟ್ ಬದಲಾದರೂ ಮತ್ತೆ ಪರೀಕ್ಷೆ. ಕಾಲು ಕೆಳಗೆ ಜೋತು ಬೀಳುತ್ತಿದ್ದರೆ ಭಾರ ಕಡಿಮೆ ಮಾಡಬೇಡಿ, ಬೆಲ್ಟಿನಿಂದ 1 ಕೆಜಿ ತೆಗೆದು ಸಿಲಿಂಡರಿನ ಮೇಲಿನ ಪಟ್ಟಿಗೆ ಸರಿಸಿ ನೋಡಿ.

ಬಳ್ಳಾರಿ_ಬೆಟ್ಟ
ಹಾಗಾದರೆ ಒಂದು ಅಡ್ವಾನ್ಸ್ಡ್, ಬಾಯನ್ಸಿ ಮತ್ತು ಬಲೂನು ಸೇರಿಸಿ. ಎರಡನೆಯದು ರೆಸ್ಕ್ಯೂನಾ, ಡೀಪ್ ಸ್ಪೆಷಾಲಿಟಿನಾ?

ಗಂಗಾವತಿ_ಭತ್ತ
ರೆಸ್ಕ್ಯೂ. ಕಣ್ಣು ಮುಚ್ಚಿ. ಆದರೆ ಕಾರ್ಡ್ ಬಂದ ವಾರಕ್ಕೇ ಅಲ್ಲ, 20-25 ಡೈವ್ ಆಗಲಿ. ನಿಮ್ಮ ಮಾಸ್ಕಿನ ನೀರೇ ನಿಮಗೆ ದೊಡ್ಡ ಕೆಲಸ ಆಗಿರುವಾಗ ಪಕ್ಕದವನ ಕಣ್ಣು ಅಗಲವಾದದ್ದು ಕಾಣಿಸುವುದಿಲ್ಲ.

ಮೊದಲ ಪಾಠ ನಿಮ್ಮನ್ನು ನೀವು ಉಳಿಸಿಕೊಳ್ಳುವುದು: ಸ್ನಾಯು ಸೆಳೆತ, ಗಾಳಿ ಮುಗಿದದ್ದು, ಬಿಸಿಡಿ ತಾನೇ ತುಂಬತೊಡಗಿದ್ದು. ಆಮೇಲೆ ದಣಿದವರು, ಆಮೇಲೆ ಗಾಬರಿಯಾದವರು. ಗಾಬರಿಯಾದವರ ಎದುರಿಗೆ ಹೋದರೆ ನಿಮ್ಮನ್ನೇ ಏಣಿ ಮಾಡಿಕೊಳ್ಳುತ್ತಾರೆ. ಕೈಗೆ ಸಿಗದ ದೂರದಲ್ಲಿ ನಿಂತು ಬಿಸಿಡಿ ಊದಲು, ಭಾರ ಬಿಡಲು ಕೂಗಿ ಹೇಳಬೇಕು. ಕೇಳದಿದ್ದರೆ ಸುತ್ತು ಬಳಸಿ ಹಿಂದಿನಿಂದ ಸಿಲಿಂಡರ್ ಹಿಡಿದು, ಮೊಣಕಾಲಿನಲ್ಲಿ ಒತ್ತಿ, ಅವರ ಬಿಸಿಡಿ ಊದಬೇಕು. ಹಿಡಿದುಕೊಂಡುಬಿಟ್ಟರೆ ಬಾಯಲ್ಲಿ ರೆಗ್ಯುಲೇಟರ್ ಇಟ್ಟುಕೊಂಡು ನೀವು ಕೆಳಕ್ಕೆ ಹೋಗಿ. ಅವರಿಗೆ ಬೇಕಿರುವುದು ಮೇಲಿನ ಗಾಳಿ, ಕೈ ಬಿಡುತ್ತಾರೆ.

ಪ್ರಜ್ಞೆ ಇಲ್ಲದವರನ್ನು ಮೇಲೆ ತಂದ ಮೇಲೆ ಕ್ರಮ ತಪ್ಪಬಾರದು. ಮೊದಲು ಇಬ್ಬರೂ ತೇಲಬೇಕು: ಅವರ ಬಿಸಿಡಿ, ಅವರ ಭಾರ. ಆಮೇಲೆ ಮಾಸ್ಕ್ ತೆಗೆದು, ತಲೆ ಹಿಂದಕ್ಕೆ ವಾಲಿಸಿ, ಉಸಿರಿದೆಯಾ ನೋಡಿ. ಇಲ್ಲದಿದ್ದರೆ ಎಳೆದುಕೊಂಡು ಹೋಗುತ್ತಲೇ 5 ಸೆಕೆಂಡಿಗೊಂದು ಉಸಿರು ಕೊಡಬೇಕು. ಅದರ ನಡುವೆಯೇ ಅವರ ಬಕಲ್ ಒಂದೊಂದಾಗಿ ಬಿಚ್ಚುತ್ತಾ ಹೋಗಬೇಕು, ದೋಣಿ ತಲುಪಿದ ಮೇಲೆ ಬಿಚ್ಚಲು ನಿಂತರೆ ಹೊತ್ತು ಹೋಗುತ್ತದೆ. ಎರಡು ಕೈಗೆ ಮೂರು ಕೆಲಸ. ಓದಿ ಬರುವ ವಿದ್ಯೆ ಅಲ್ಲ, ನೀರಿನಲ್ಲಿ ಮಾಡಿ ಮಾಡಿಯೇ ಬರಬೇಕು.

ಊರಲ್ಲೇ ಮಾಡಬಹುದಾದ ಭಾಗ ಇದರಲ್ಲಿದೆ. ರೆಸ್ಕ್ಯೂ ಮುಗಿಸಲು ಹಿಂದಿನ 24 ತಿಂಗಳೊಳಗಿನ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ತರಬೇತಿ ಬೇಕು. ಇಲ್ಲೇ ಕಲಿತು ಪ್ರಮಾಣಪತ್ರ ತಗೊಂಡರೆ ಒಪ್ಪುತ್ತಾರಾ ಅಂತ ಡೈವ್ ಸೆಂಟರನ್ನು ಮೊದಲೇ ಕೇಳಿ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ, 30 ಒತ್ತಿದ ಮೇಲೆ 2 ಉಸಿರು. ಎದೆ ಒತ್ತಿದರೆ ಸಾಕು ಅನ್ನುವ ಮಾತು ಮುಳುಗಿದವರಿಗೆ ಹೊಂದುವುದಿಲ್ಲ, ಅವರಿಗೆ ಕೊರತೆ ಇರುವುದೇ ಆಮ್ಲಜನಕ.

ರಾಯಚೂರು_ರಾತ್ರಿಬಸ್
ಕೃಷ್ಣಾದಾಗ, ತುಂಗಭದ್ರಾದಾಗ ಯಾರಾರ ಮುಳುಗಿದಾಗ ಈ ರೆಸ್ಕ್ಯೂ, ಸರ್ಚ್ ಕಾರ್ಡ್ ಇದ್ದವರು ಅಗ್ನಿಶಾಮಕದವರಿಗೆ ಸಹಾಯಕ್ಕ ಇಳೀಬಹುದೇನು? ಭಾಳ ಮಂದಿ ಕೇಳ್ತಾರ.

ಕೊಪ್ಪಳ_ಕಂಪಾಸ್
ಇಳಿಯಬಾರದು. ಮನರಂಜನೆಯ ಸರ್ಚ್ ಆಂಡ್ ರಿಕವರಿಯಲ್ಲಿ ಕಲಿಸುವುದು ತಿಳಿನೀರಿನಲ್ಲಿ ಸುರುಳಿ, ಯು ಆಕಾರದ ಹುಡುಕಾಟ, ಬೌಲೈನ್ ಗಂಟು, ಎತ್ತುವ ಚೀಲದಲ್ಲಿ ಒಂದು ವಸ್ತು ಮೇಲೆ ತರುವುದು. ಒಂದು ಲೀಟರ್ ಗಾಳಿ ಸುಮಾರು ಒಂದು ಕೆಜಿ ಎತ್ತುತ್ತದೆ ಅನ್ನುವ ಲೆಕ್ಕದ ಪಾಠ ಅದು. ಕೈ ಕಾಣದ ಕೆಂಪು ನೀರು, ಹರಿವು, ಜಾಲಿ ಕೊಂಬೆ, ಬಲೆ ಇರುವ ಹೊಳೆಯ ಕೆಲಸ ಬೇರೆಯೇ ವಿದ್ಯೆ. ಅಲ್ಲಿ ಡೈವರ್ ಸೊಂಟಕ್ಕೆ ಹಗ್ಗ, ದಂಡೆಯಲ್ಲಿ ಹಗ್ಗ ಹಿಡಿದವರು, ಸಜ್ಜಾಗಿ ಕೂತ ಇನ್ನೊಬ್ಬ ಡೈವರ್, ಹಗ್ಗ ಜಗ್ಗಿ ಆಡುವ ಭಾಷೆ ಎಲ್ಲ ಬೇಕು. ಕಾರ್ಡ್ ತೋರಿಸಿ ನೀರಿಗಿಳಿದರೆ ಅವರು ಹುಡುಕಬೇಕಾದವರು ಇಬ್ಬರಾಗುತ್ತಾರೆ. ದಂಡೆಯಲ್ಲಿ ಸಿಪಿಆರ್ ಗೊತ್ತಿರುವ ಎರಡು ಕೈ ಇದ್ದರೆ ಅದೇ ದೊಡ್ಡ ಸಹಾಯ.

ಸಂಡೂರು_ಮಣ್ಣು
ಉಳಿದ ಪಟ್ಟಿ ಬೇಗ ಮುಗಿಸೋಣ. ಡೀಪ್ ಸ್ಪೆಷಾಲಿಟಿ ನಾಲ್ಕು ಡೈವ್, 40 ಮೀಟರ್. ಗಾಳಿಯಲ್ಲಿ 40 ಮೀಟರಿಗೆ ಟೇಬಲ್ ಕೊಡುವುದು 9 ನಿಮಿಷ, ಅದರಲ್ಲಿ ಇಳಿಯುವ ಹೊತ್ತೂ ಸೇರಿದೆ. ಸಾರಜನಕದ ಅಮಲು 30 ಮೀಟರಿನಿಂದಲೇ ಶುರು. ಏನೋ ನಿರ್ದಿಷ್ಟವಾಗಿ ನೋಡುವುದಿದ್ದರೆ ಸರಿ, ಇಲ್ಲದಿದ್ದರೆ 9 ನಿಮಿಷಕ್ಕೆ ಅಷ್ಟು ದುಡ್ಡು ಯಾಕೆ? ಮಾಸ್ಟರ್ ಸ್ಕೂಬಾ ಡೈವರ್ ಅಂದರೆ ರೆಸ್ಕ್ಯೂ, ಐದು ಸ್ಪೆಷಾಲಿಟಿ, 50 ಡೈವ್ ಸೇರಿದ ಒಂದು ಬಿರುದು, ಹೊಸ ಪಾಠ ಏನಿಲ್ಲ. ಡೈವ್‌ಮಾಸ್ಟರ್ ವೃತ್ತಿಗೆ: 18 ವರ್ಷ, ಶುರುವಿಗೆ 40 ಡೈವ್, ಮುಗಿಸಲು 60. ವರ್ಷಕ್ಕೆ ನಾಲ್ಕು ಡೈವ್ ಮಾಡುವವರಿಗಲ್ಲ.

ದುಡ್ಡು ಉಳಿದರೆ ಮೂರನೇ ಕೋರ್ಸ್ ಬಿಟ್ಟು ಸ್ವಂತ ಕಂಪ್ಯೂಟರ್ ಕೊಳ್ಳಿ. ಬಾಡಿಗೆಯದರಲ್ಲಿ ಬೆಳಿಗ್ಗೆ ಇನ್ನೊಬ್ಬರ ಡೈವಿನ ಲೆಕ್ಕ ಇರುತ್ತದೆ, ಮಧ್ಯಾಹ್ನ ನಿಮ್ಮದು. ಮುಖಕ್ಕೆ ಕೂರುವ ಮಾಸ್ಕ್ ಇನ್ನೊಂದು: ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ, ಬೀಳಬಾರದು. ಮೀಸೆ ಇದ್ದವರಿಗೆ ಮೂಗಿನ ಕೆಳಗೆ ಕೊಂಚ ನೀರು ಸೋರುವುದು ತಪ್ಪದು. ಮೀಸೆ ಬೇಕಾ ಮಾಸ್ಕ್ ಬೇಕಾ ಅವರೇ ನಿರ್ಧರಿಸಲಿ.

ಡೈವಿನ ನಡುವೆ ಆರು ತಿಂಗಳಿಗಿಂತ ಹೆಚ್ಚು ಬಿಡುವು ಬಿದ್ದರೆ ಯಾವ ಕೋರ್ಸಿಗೂ ಮೊದಲು ಒಂದು ರಿಫ್ರೆಶರ್ (ಮರುಅಭ್ಯಾಸ). ಮಳೆಗಾಲದಲ್ಲಿ ನೇತ್ರಾಣಿ ಜೂನ್‌ನಿಂದ ಸೆಪ್ಟೆಂಬರ್ ಬಂದ್, ಹಾಗಾಗಿ ನಮ್ಮ ಕಡೆಯವರಿಗೆ ಈ ಬಿಡುವು ಬೀಳುವುದು ಸುಲಭ.

ಬಳ್ಳಾರಿ_ಬೆಟ್ಟ
ಕೊನೆಯದೊಂದು. ಅಡ್ವಾನ್ಸ್ಡ್ ಶನಿವಾರ ಭಾನುವಾರ ಎರಡೇ ದಿನ ಅನ್ನುತ್ತಾರೆ. ಭಾನುವಾರ ಮಧ್ಯಾಹ್ನ ಕೊನೆಯ ಡೈವ್ ಮುಗಿಸಿ ಸಂಜೆಗೇ ಗಾಡಿ ಬಿಟ್ಟರೆ ಸೋಮವಾರ ಬೆಳಿಗ್ಗೆ ಆಫೀಸಿಗೆ ಸಿಗುತ್ತೇನೆ. ವಿಮಾನ ಅಲ್ಲವಲ್ಲ, ರಸ್ತೆಗೂ ಏನಾದರೂ ನಿಯಮ ಇದೆಯಾ?

ಗಂಗಾವತಿ_ಭತ್ತ
ರಸ್ತೆ ಅನ್ನುವುದಕ್ಕಿಂತ ಎತ್ತರ ನೋಡಿ. ಮೇಲೇರಿದಂತೆ ಒತ್ತಡ ಇಳಿದು, ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಗಟ್ಟಬಹುದು. ಡೈವ್ ಆದ ಮೇಲೆ ಕಾಯುವ ಸಲಹೆ ಲೆಕ್ಕಕ್ಕೆ ಬರುವುದು ಸುಮಾರು 600 ಮೀಟರ್ ಎತ್ತರದಿಂದ: ಒಂದೇ ಡೈವ್ ಆಗಿದ್ದರೆ 12 ಗಂಟೆ, ದಿನಕ್ಕೆರಡು ಅಥವಾ ಸತತ ದಿನಗಳ ಡೈವ್ ಆಗಿದ್ದರೆ 18 ಗಂಟೆ. ಮುರುಡೇಶ್ವರದಿಂದ ಅಂಕೋಲಾ, ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಹುಬ್ಬಳ್ಳಿ, ಗದಗ ಎರಡೂ 600ಕ್ಕಿಂತ ಕೊಂಚ ಮೇಲೇ ಇವೆ. ಸಮುದ್ರಮಟ್ಟದಿಂದ ನಾಲ್ಕೈದು ಗಂಟೆಯಲ್ಲಿ ಅಲ್ಲಿರುತ್ತೀರಿ. ವಿಮಾನದಷ್ಟು ಎತ್ತರ ಅಲ್ಲ ನಿಜ, ಆದರೆ ಗೆರೆಯ ಮೇಲೇ ನಿಂತ ಹಾಗೆ, ಅದೂ ಎರಡು ದಿನದಲ್ಲಿ ಐದು ಡೈವ್ ಮಾಡಿದ ಮೈಯಲ್ಲಿ. ರಾತ್ರಿ ಘಟ್ಟದಲ್ಲಿ ಕೀಲು ನೋವು ಶುರುವಾದರೆ ಅದು ಡೈವಿನದೋ ಬಸ್ ಸೀಟಿನದೋ ಅಂತಲೂ ತಿಳಿಯುವುದಿಲ್ಲ. ಕೊನೆಯ ಡೈವ್ ಶನಿವಾರ ಮಧ್ಯಾಹ್ನಕ್ಕೆ ಮುಗಿಯುವ ಹಾಗೆ ಮಾಡಿಕೊಂಡು, ರಾತ್ರಿ ಅಲ್ಲೇ ಉಳಿದು, ಭಾನುವಾರ ತಿಂಡಿ ಮುಗಿಸಿ ಹೊರಡಿ.

ಬಳ್ಳಾರಿ_ಬೆಟ್ಟ
ಹಾಗಾದರೆ ಶುಕ್ರವಾರ ರಜೆ ಹಾಕಬೇಕು.

ಮುನಿರಾಬಾದ್_ಗೇಟ್
ಗುರುವಾರ ರಾತ್ರಿನೇ ಹೊಂಡ್ರಿ. ನಿದ್ದಿ ಇಲ್ಲದ ಕಿವಿ ದೋಣ್ಯಾಗ ಭಾಳ ಕಾಡತೈತಿ, ಹೊಟ್ಟಿನೂ ಸಹಿತ.